ಕೆಳಗೇ ಹೋದ ದಬ್ಬೆ

ಹೊಳೆಯ ದಡದ ಆ ಆಶ್ರಮದಲ್ಲಿ ಅಕ್ಷರದ ಜೊತೆಗೆ ಹರಿಗೋಲು ಹೆಣೆಯುವುದನ್ನೂ ಕಲಿಸುತ್ತಿದ್ದರು.

ಹದಿಮೂರು ತುಂಬಿದ ಹುಡುಗಿಯರು ಸೇರಿ ವರ್ಷಕ್ಕೊಂದು ಹರಿಗೋಲು ಮಾಡಬೇಕು. ಬಿದಿರು ಸೀಳಿ ದಬ್ಬೆ ತೆಗೆದು, ನೆಲದ ಮೇಲೆ ಅಡ್ಡ ಉದ್ದ ಹಾಸಿ, ಒಂದರ ಮೇಲೆ ಒಂದರ ಕೆಳಗೆ ಹೆಣೆದು, ಅಂಚನ್ನು ಬುಟ್ಟಿಯಂತೆ ಎತ್ತಿ ಕಟ್ಟಬೇಕು. ಆಮೇಲೆ ಹೊರಗೆ ತೊಗಲು ಹೊದಿಸಿ ಹೊಲಿಯುವುದು.

ಹೊಲಿಯುವ ಮುಂಚೆ ಒಂದು ರೂಢಿಯಿತ್ತು. ಹೆಣೆದವರು ಒಬ್ಬೊಬ್ಬರಾಗಿ ಬಂದು, ಹರಿಗೋಲಿನ ತಳದ ಮೇಲೆ ಅಂಗೈ ಇಟ್ಟು, "ನಾನು ಕೂರುತ್ತೇನೆ" ಎನ್ನಬೇಕು. ಎಲ್ಲರೂ ಅಂದ ಮೇಲೆಯೇ ಗುರು ಸೂಜಿಗೆ ದಾರ ಪೋಣಿಸುತ್ತಿದ್ದರು.

ಗುರುವಿನ ಹೆಸರು ಮಾದಾಜಮ್ಮ. ಮಕ್ಕಳ ಬಾಯಲ್ಲಿ ಅಮ್ಮನೋರು.

ಆ ವರ್ಷ ಹೆಣೆಯಲು ಕೂತವರು ಮೂವರು: ದೇವೀರಿ, ಸಾಕಿ, ನಿಂಗಿ.

ನಿಂಗಿ ಆಶ್ರಮಕ್ಕೆ ಬಂದು ಒಂದು ವರ್ಷವಾಗಿತ್ತು. ಮೊದಲ ಎಂಟು ತಿಂಗಳು ಅವಳು ಹುಣಸೆ ಮರದ ಕೆಳಗೆ ಒಬ್ಬಳೇ ಕೂತು ಉಂಡಳು. ಯಾರೂ ಅವಳನ್ನು ಬೈಯಲಿಲ್ಲ. ಯಾರೂ ಕರೆಯಲೂ ಇಲ್ಲ. ಉಳಿದವರ ನಗು ಅವಳ ತಟ್ಟೆಯವರೆಗೆ ಬಂದು ಅಲ್ಲೇ ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ದೇವೀರಿ ದೂರದಿಂದ ಕೈ ಬೀಸಿದಳು.

"ಏಯ್ ಹುಣಸೆಮರ, ಬಾರೇ ಇಲ್ಲಿ."

ನಿಂಗಿ ತಟ್ಟೆ ಎತ್ತಿಕೊಂಡು ಓಡಿದಳು. ಓಡುವ ಭರದಲ್ಲಿ ಸಾರು ಲಂಗದ ಮೇಲೆಲ್ಲ ಚೆಲ್ಲಿತು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಅವತ್ತಿನಿಂದ ಅವಳಿಗೆ ಒಂದೇ ಚಿಂತೆ. ಮತ್ತೆ ಆ ಮರದ ಕೆಳಗೆ ಹೋಗಬಾರದು.

ದೇವೀರಿಗೆ ಒಂದು ಅಭ್ಯಾಸವಿತ್ತು. ಸಿಟ್ಟು ಬಂದರೆ ಬೈಯುತ್ತಿರಲಿಲ್ಲ. ಕಿರುಬೆರಳು ಎತ್ತಿ ತೋರಿಸಿ ಟೂ ಬಿಡುತ್ತಿದ್ದಳು. ಅವಳು ಮಾತು ಬಿಟ್ಟವರ ಜೊತೆ ಉಳಿದವರೂ ಮಾತಾಡಬಾರದು. ಸಾಕಿಗೆ ಒಮ್ಮೆ ಮೂರು ದಿನ ಹಾಗಾಗಿತ್ತು. ದೇವೀರಿಯ ಹೊಸ ರವಿಕೆಯ ತೋಳು ಉದ್ದವಾಯಿತು ಎಂದಿದ್ದಳು, ಅಷ್ಟೇ. ಆ ಮೂರು ದಿನ ನಿಂಗಿಯೂ ಸಾಕಿಯ ಮುಖ ನೋಡಲಿಲ್ಲ.

ಅದು ನಿಂಗಿಗೆ ಈಗಲೂ ಮರೆತಿರಲಿಲ್ಲ.

ಅದಕ್ಕೇ ಅವಳು ಎಚ್ಚರದಿಂದ ಇದ್ದಳು. ಬೇರೆಯವರು ನಕ್ಕ ಮೇಲೆ ನಗುತ್ತಿದ್ದಳು. ಮೂವರೂ ಒಟ್ಟಿಗೆ ಕೂತರೆ ನಡುವೆ ದೇವೀರಿ, ಅವಳ ಬಲಕ್ಕೆ ಸಾಕಿ. ನಿಂಗಿ ಚಾಪೆಯ ಅಂಚಿನಲ್ಲಿ ಅರ್ಧ ಕೂತಿರುತ್ತಿದ್ದಳು, ಏಳು ಎಂದರೆ ತಕ್ಷಣ ಏಳುವವಳ ಹಾಗೆ.

ತಪ್ಪು ನಡೆದದ್ದು ತಳ ಹೆಣೆಯುವಾಗ.

ಉದ್ದಕ್ಕೆ ಹಾಸಿದ ದಬ್ಬೆಗಳು ದೇವೀರಿಯವು. ಅವಳೇ ಆರಿಸಿ ತಂದಿದ್ದಳು. ಹಸಿರು ಸಿಪ್ಪೆ, ಎಣ್ಣೆ ಸವರಿದಂಥ ಹೊಳಪು. ಅಡ್ಡ ಹೋಗುವ ದಬ್ಬೆಗಳು ನಿಂಗಿಯವು. ಒಂದರ ಮೇಲೆ, ಒಂದರ ಕೆಳಗೆ, ಮತ್ತೆ ಒಂದರ ಮೇಲೆ. ಸಾಕಿ ಆಚೆ ಬದಿಯಲ್ಲಿ ಅಂಚಿಗೆ ಕಟ್ಟುವ ಬಿದಿರಿನ ಬಳೆ ತಿರುಚುತ್ತಿದ್ದಳು.

ಸರಿಯಾಗಿ ನಡುಭಾಗಕ್ಕೆ ಬಂದಾಗ ದೇವೀರಿ ನಿಂಗಿಯ ಕೈ ಹಿಡಿದಳು.

"ಇಲ್ಲಿ ನಿನ್ನದು ಮೇಲೆ ತರಬೇಡ್ವೇ. ನನ್ನವು ನಾಲ್ಕೂ ಸಾಲಾಗಿ ಕಾಣಲಿ. ನೋಡು, ಹೇಗೆ ಹೊಳೀತಿವೆ."

"ಮೇಲೆ ಬರದಿದ್ರೆ ಬಿಗಿ ಬರಲ್ಲ ಕಣೇ."

"ಅಂಗೈಯಗಲ ಜಾಗ. ಅಷ್ಟಕ್ಕೆ ಹೊಳೆ ಒಳಗೆ ಬಂದುಬಿಡುತ್ತಾ?"

"ಅಮ್ಮನೋರು ನೋಡಿದ್ರೆ?"

"ಅವರ ಕಣ್ಣಿಗೆ ಪೊರೆ ಬಂದಿದೆ. ನೋಡೋದು ನಾವೇ." ದೇವೀರಿ ನಕ್ಕಳು. "ನೀನು ನನ್ನ ಗೆಳತಿ ತಾನೇ?"

"ಹೂಂ."

"ಮತ್ತೆ?"

ದೇವೀರಿಯ ಕೈ ದಬ್ಬೆಯ ಮೇಲಿತ್ತು. ಅದರ ಕಿರುಬೆರಳು ಮಾತ್ರ ಸ್ವಲ್ಪ ಮೇಲೆದ್ದಿತ್ತು. ಬೇಕೆಂದೇ ಎತ್ತಿದ್ದೋ, ಸುಮ್ಮನೆ ಹಾಗಿತ್ತೋ, ನಿಂಗಿಗೆ ಗೊತ್ತಾಗಲಿಲ್ಲ.

ಅವಳು ತನ್ನ ದಬ್ಬೆಯನ್ನು ನಾಲ್ಕರ ಕೆಳಗೂ ತೂರಿಸಿದಳು. ಅದರ ಪಕ್ಕದ್ದನ್ನೂ. ಅದರ ಪಕ್ಕದ್ದನ್ನೂ.

ಸಾಕಿ ತಲೆ ಎತ್ತಿ ನೋಡಿದಳು. ಮತ್ತೆ ತಲೆ ತಗ್ಗಿಸಿದಳು.

ಮರುದಿನ ಅಮ್ಮನೋರು ಬಂದರು.

ದೇವೀರಿ ಅಂಗೈ ಇಟ್ಟಳು. "ನಾನು ಕೂರುತ್ತೇನೆ."

ಸಾಕಿ ಅಂಗೈ ಇಟ್ಟಳು. "ನಾನು ಕೂರುತ್ತೇನೆ."

ನಿಂಗಿ ಕೈ ಚಾಚಿದಳು. ಕೈ ಬೇರೆಲ್ಲೂ ಹೋಗದೆ ಆ ಜಾಗಕ್ಕೇ ಹೋಯಿತು. ಬೆರಳ ಕೆಳಗೆ ದಬ್ಬೆಗಳು ಸಣ್ಣಗೆ ಅಲುಗಿದವು.

"ನಾನು ಕೂರುತ್ತೇನೆ."

ಅಮ್ಮನೋರು ಅವಳ ಕೈ ಹಿಡಿದರು. "ತಣ್ಣಗಿದೆಯಲ್ಲ ಮಗು."

"ನೀರಲ್ಲಿ ಇಟ್ಟಿದ್ದೆ ಅಮ್ಮನೋರೇ."

"ಹೌದಾ," ಎಂದು ಅವರು ಕೈ ಬಿಟ್ಟರು. ಸೂಜಿಗೆ ದಾರ ಪೋಣಿಸಲು ಸಾಕಿಗೆ ಕೊಟ್ಟರು. ತಾವು ತಳದ ಮೇಲೆ ಕೈಯಾಡಿಸುತ್ತ ಬಹಳ ಹೊತ್ತು ಕೂತಿದ್ದರು.

ತೊಗಲು ಹೊದಿಸಿದ್ದಾಯಿತು. ಅದು ಒಣಗಲು ಮೂರು ದಿನ ಬೇಕು. ನಾಲ್ಕನೆಯ ಬೆಳಿಗ್ಗೆ ಆಚೆ ದಡದ ಊರಿನ ಆರು ಚಿಕ್ಕ ಮಕ್ಕಳು ಆ ಹರಿಗೋಲಿನಲ್ಲೇ ಮನೆಗೆ ಹೊರಡುವವರಿದ್ದರು. ಅಕ್ಷರ ಕಲಿಯಲು ಬಂದು ಮೂರು ತಿಂಗಳಾಗಿತ್ತು. ಹಳೆಯ ಹರಿಗೋಲು ಕಿತ್ತುಹೋಗಿತ್ತು.

ಆ ಆರು ಮಕ್ಕಳಲ್ಲಿ ಎಲ್ಲರಿಗಿಂತ ಚಿಕ್ಕವಳು ಚೌಡಿ. ಆರು ವರ್ಷ. ದಿನಕ್ಕೆ ಹತ್ತು ಸಲ ಬಂದು ಕೇಳುತ್ತಿದ್ದಳು.

"ನಿಂಗಕ್ಕ, ಒಣಗಿತಾ?"

"ಇಲ್ಲ."

"ಈಗ?"

"ಇಲ್ಲ ಅಂದೆನಲ್ಲ!"

ಚೌಡಿ ಹಿಂದೆ ಸರಿದಳು. ನಿಂಗಿ ಎಂದೂ ಗದರಿದವಳಲ್ಲ.

ಒಣಗುತ್ತಿದ್ದ ಹರಿಗೋಲಿನ ಪಕ್ಕದಲ್ಲಿ ಹಾಯುವಾಗ ಅವಳು ಆ ಕಡೆ ನೋಡುತ್ತಿರಲಿಲ್ಲ. ನೋಡದಿದ್ದರೂ ಅಂಗೈಗೆ ಆ ಜಾಗ ಗೊತ್ತಿತ್ತು. ಯಾವ ಮಗುವಿನ ಹಿಮ್ಮಡಿ ಅಲ್ಲಿ ಊರುತ್ತದೆ? ತೊಗಲು ಎಷ್ಟು ಹೊತ್ತು ತಡೆಯುತ್ತದೆ? ಹೊಳೆಯ ಯಾವ ಭಾಗದಲ್ಲಿ?

ಮೂರನೆಯ ಮಧ್ಯಾಹ್ನ ಅವಳು ಅಮ್ಮನೋರ ಬಳಿ ಹೋದಳು. ಅವರು ಜಗುಲಿಯಲ್ಲಿ ಕೂತು ಚೂರು ದಬ್ಬೆಗಳನ್ನು ಕೈಯಲ್ಲೇ ತಡವಿ ನೋಡಿ, ಹೆರೆದು ನುಣುಪು ಮಾಡುತ್ತಿದ್ದರು.

"ಅಮ್ಮನೋರೇ, ಒಂದು ಮಾತು."

"ಕೇಳು."

"ಗೆಳತಿ ಹೇಳಿದ ಹಾಗೆ ಕೇಳೋದು ತಪ್ಪಾ?"

ಅಮ್ಮನೋರು ಒಂದಿಷ್ಟು ಚೂರುಗಳನ್ನು ಅವಳ ಮುಂದೆ ಇಟ್ಟರು.

"ಅಂಗೈಯಷ್ಟು ಹೆಣಿ. ಒಂದು ಚೂರು ಮಾತ್ರ ಎಲ್ಲದರ ಕೆಳಗೇ ಹೋಗಲಿ."

ನಿಂಗಿಯ ಕಿವಿ ಬಿಸಿಯಾಯಿತು. ಇವರಿಗೆ ಗೊತ್ತೇ? ಮುಖ ನೋಡಿದಳು. ಪೊರೆ ಬಂದ ಕಣ್ಣುಗಳು ಹೊಳೆಯ ಕಡೆಗಿದ್ದವು.

ಅವಳು ಹೆಣೆದಳು.

"ಎತ್ತು."

ಎತ್ತಿದಳು. ಕೆಳಗಿನ ಚೂರು ನೆಲಕ್ಕೆ ಬಿತ್ತು.

"ಯಾರು ಬಿಟ್ಟರು ಅದನ್ನ?" ಎಂದರು ಅಮ್ಮನೋರು.

"ಯಾರೂ ಬಿಡಲಿಲ್ಲ. ಹಿಡಿಯೋಕೆ ಏನೂ ಇರಲಿಲ್ಲ."

"ಮತ್ತೆ ಹಾಗೇ ಹಾಕು. ಈ ಸಲ ಅಂಗೈ ಕೊಟ್ಟು ಮಗುಚಿ ಹಾಕು."

ಮಗುಚಿದಳು. ಕೆಳಗಿದ್ದ ಚೂರು ಈಗ ಎಲ್ಲದರ ಮೇಲೆ ಬಂದಿತ್ತು. ಸ್ವಲ್ಪ ಓರೆಯಾದದ್ದೇ ತಡ, ಜಾರಿ ಬಿತ್ತು.

"ಇದೂ ಬಿತ್ತು," ಎಂದಳು ನಿಂಗಿ.

"ಹೂಂ. ಎಲ್ಲದರ ಮೇಲಿದ್ದದ್ದೂ."

ನಿಂಗಿ ಬಿದ್ದ ಚೂರನ್ನು ನೋಡುತ್ತ ಕೂತಳು. ಹೇಳಬೇಕೆಂದಿದ್ದದ್ದನ್ನು ಬಿಟ್ಟು ಬೇರೆ ಏನನ್ನೋ ಕೇಳಿದಳು.

"ಕೂರುತ್ತೇನೆ ಅನ್ನೋ ಮಾತು ಇದೆಯಲ್ಲ ಅಮ್ಮನೋರೇ, ಅದನ್ನ ಶುರು ಮಾಡಿದ್ದು ಯಾರು?"

"ನಾನು."

"ಯಾವಾಗ?"

ಅಮ್ಮನೋರ ಕೈ ದಬ್ಬೆಯ ಮೇಲೆ ನಿಂತಿತು.

"ಒಂದು ವರ್ಷ ಕೇಳಿರಲಿಲ್ಲ. ಆ ವರ್ಷದ ಹರಿಗೋಲು ತಿರುಗಿ ಬರಲಿಲ್ಲ. ಆಮೇಲಿಂದ."

ಅವರು ಮತ್ತೆ ಚೂರುಗಳನ್ನು ಹೆರೆಯತೊಡಗಿದರು.

ಸಂಜೆ ಪಾತ್ರೆ ತೊಳೆಯುವ ಕಟ್ಟೆಯಲ್ಲಿ ಅವಳು ದೇವೀರಿಯ ಪಕ್ಕ ಕೂತಳು.

"ದೇವೀರಿ, ಹೇಳಿಬಿಡೋಣ."

"ಏನನ್ನ?"

"ಗೊತ್ತಿಲ್ವಾ ನಿನಗೆ?"

ದೇವೀರಿ ತಂಬಿಗೆಗೆ ಬೂದಿ ಹಚ್ಚಿ ಜೋರಾಗಿ ಉಜ್ಜಿದಳು. "ಎಲ್ಲರ ಮುಂದೆ ನನ್ನ ಮಾನ ಕಳೀಬೇಕು ಅಂತಾನಾ?"

"ಚೌಡಿ ಕೂರ್ತಾಳೆ ಅದರಲ್ಲಿ."

"ಏನೂ ಆಗಲ್ಲ. ನೀನು ಹುಟ್ಟಿನಿಂದಲೇ ಪುಕ್ಕಲಿ." ದನಿ ತಗ್ಗಿಸಿದಳು. "ಹೇಳು, ಬೇಡ ಅನ್ನಲ್ಲ. ಆದ್ರೆ ಆಮೇಲೆ ನಾನು ಮಾತಾಡಲ್ಲ. ಸಾಕಿನೂ ಮಾತಾಡಲ್ಲ. ಅಲ್ವೇನೇ ಸಾಕಿ?"

ಸಾಕಿ ತೊಳೆದ ತಟ್ಟೆಯನ್ನೇ ಇನ್ನೊಮ್ಮೆ ತೊಳೆಯತೊಡಗಿದಳು.

"ಹುಣಸೆ ಮರ ಅಲ್ಲೇ ಇದೆ," ಎಂದಳು ದೇವೀರಿ.

ಹಾಗೆನ್ನುವಾಗ ಅವಳ ದನಿ ನಡುಗಿತು. ನಿಂಗಿಗೆ ಅದು ಕೇಳಿಸಿತು. ಆದರೆ ಅದನ್ನೇನು ಮಾಡಬೇಕೆಂದು ತಿಳಿಯಲಿಲ್ಲ. ಅವಳು ಎದ್ದು ಹೋದಳು.

ಬೆಳಿಗ್ಗೆ ಹರಿಗೋಲನ್ನು ನೀರಿನ ಅಂಚಿಗೆ ತಂದಿಟ್ಟರು. ಆಚೆ ದಡದಲ್ಲಿ ಆರು ಮಕ್ಕಳ ಅಪ್ಪ ಅಮ್ಮಂದಿರು ಬಂದು ನಿಂತು ಚುಕ್ಕೆಗಳಂತೆ ಕಾಣುತ್ತಿದ್ದರು. ಯಾರೋ ಕೂಗಿದರು. ಚೌಡಿ ಎರಡೂ ಕೈ ಬೀಸಿದಳು.

ಹೆಣೆದವರೇ ಮೊದಲು ಕೂತು ಒಂದು ಸುತ್ತು ಹೋಗಿ ಬರಬೇಕು. ಆಮೇಲೆ ಮಕ್ಕಳು.

ದೇವೀರಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಮೂವರು ಹುಡುಗಿಯರ ಭಾರಕ್ಕೆ ತಳ ತಡೆಯಬಹುದು, ಎಂದುಕೊಂಡಳು ನಿಂಗಿ. ಒಂದು ಸುತ್ತು ತಡೆಯಬಹುದು. ಆಮೇಲೆ ಆರು ಜನ.

ಚೌಡಿ ಬಂದು ಅವಳ ಬೆರಳು ಹಿಡಿದಳು. ಬೈಸಿಕೊಂಡದ್ದು ಅವಳಿಗೆ ಮರೆತೇಹೋಗಿತ್ತು.

"ನಿಂಗಕ್ಕ, ನಾನು ನೀನು ಹೆಣೆದ ಕಡೆ ಕೂರ್ತೀನಿ. ಆಯ್ತಾ?"

ನಿಂಗಿ ಅಮ್ಮನೋರ ಕಡೆ ತಿರುಗಿದಳು.

"ಅಮ್ಮನೋರೇ."

"ಏನು?"

"ನಾನು ಕೂರುವುದಿಲ್ಲ."

ಆ ಮಾತನ್ನು ಆಶ್ರಮದಲ್ಲಿ ಯಾರೂ ಕೇಳಿರಲಿಲ್ಲ.

"ಯಾಕೆ?"

"ನಡುಭಾಗದಲ್ಲಿ ಮೂರು ದಬ್ಬೆ ಕೆಳಗೇ ಹೋಗಿವೆ. ಮೇಲೆ ಬಂದಿಲ್ಲ. ನಾನೇ ಹಾಕಿದ್ದು."

"ನೀನಾಗಿಯೇ?"

ನಿಂಗಿ ದೇವೀರಿಯ ಕಡೆ ನೋಡಲಿಲ್ಲ. "ನನ್ನ ಕೈ. ನಾನೇ ಹಾಕಿದ್ದು."

ಅಮ್ಮನೋರು ಸೊಂಟದಿಂದ ಚಿಕ್ಕ ಕುಡುಗೋಲು ತೆಗೆದು ಅಂಚಿನ ಹೊಲಿಗೆ ಕೊಯ್ದರು. ತೊಗಲು ಮಡಿಸಿದರು. ಹೆಬ್ಬೆರಳಿಂದ ಆ ಜಾಗವನ್ನು ಒತ್ತಿದರು. ಹೊಳೆಯುವ ನಾಲ್ಕು ದಬ್ಬೆಗಳು ಆಚೆಗೊಂದು ಈಚೆಗೊಂದು ಸರಿದವು. ಹೆಬ್ಬೆರಳು ಒಳಗೆ ಹೋಯಿತು. ಆಮೇಲೆ ಇಡೀ ಕೈ ಹೋಯಿತು.

ಚೌಡಿ ಅಳತೊಡಗಿದಳು. "ಅಂದ್ರೆ ಇವತ್ತು ಹೋಗಲ್ವಾ?"

ದೇವೀರಿ ನಿಂಗಿಯ ಮುಂದೆ ಬಂದು ನಿಂತಳು. ಮುಖ ಕೆಂಪಾಗಿತ್ತು. ಕಿರುಬೆರಳು ಎತ್ತಿದಳು. ಹೊರಟುಹೋದಳು. ಸಾಕಿ ಇಬ್ಬರನ್ನೂ ನೋಡಿ, ದೇವೀರಿಯ ಹಿಂದೆ ಓಡಿದಳು.

ಮಕ್ಕಳು ಗಂಟು ಹೊತ್ತು ಆಶ್ರಮಕ್ಕೆ ಮರಳಿದರು, ಆಚೆ ದಡದ ಚುಕ್ಕೆಗಳೂ ಚದುರಿದವು. ದಡದಲ್ಲಿ ನಿಂಗಿ ಮತ್ತು ಅಮ್ಮನೋರು ಉಳಿದರು.

ನಿಂಗಿಗೆ ಆಗ ಹೊಳೆಯಿತು. ಅಮ್ಮನೋರು ಹೊಳೆಗೆ ಬರುವಾಗ ಎಂದೂ ಕುಡುಗೋಲು ತರುತ್ತಿರಲಿಲ್ಲ.

"ನಿಮಗೆ ಗೊತ್ತಿತ್ತಾ ಅಮ್ಮನೋರೇ?"

"ಹರಿಗೋಲಿನದು ಗೊತ್ತಿತ್ತು. ನಿನ್ನದು ಗೊತ್ತಿರಲಿಲ್ಲ."

ಮತ್ತೆ ಹೆಣೆಯುವ ಕೆಲಸ ನಿಂಗಿಯ ಪಾಲಿಗೆ ಬಂತು.

ಒಬ್ಬಳೇ ಹೆಣೆಯುವುದು ಕಷ್ಟ. ಒಬ್ಬರು ಉದ್ದದ ದಬ್ಬೆ ಎತ್ತಿ ಹಿಡಿಯಬೇಕು, ಇನ್ನೊಬ್ಬರು ಅಡ್ಡದ್ದನ್ನು ತೂರಿಸಬೇಕು. ಅವಳು ಎತ್ತಿದ ದಬ್ಬೆಯ ಕೆಳಗೆ ಕಲ್ಲು ಇಟ್ಟು, ಆಚೆ ಬದಿಗೆ ಹೋಗಿ ಎಳೆದು, ಮತ್ತೆ ಈಚೆ ಬಂದು ಕಲ್ಲು ತೆಗೆಯುತ್ತಿದ್ದಳು. ಒಂದು ದಬ್ಬೆಗೆ ಅರ್ಧ ಬೆಳಗೇ ಹೋಗುತ್ತಿತ್ತು.

ಮಧ್ಯಾಹ್ನ ಹುಣಸೆ ಮರದ ಕೆಳಗೆ ಉಂಡಳು. ಮೊದಲ ದಿನ ದೂರದಲ್ಲಿ ನಗು ಕೇಳಿಸಿದಾಗಲೆಲ್ಲ ಅದು ತನ್ನ ಬಗ್ಗೆಯೇ ಎನ್ನಿಸಿ ಮುಖ ಆಚೆ ತಿರುಗಿಸಿದಳು. ಚೌಡಿಯ ಜೊತೆಯ ಮಕ್ಕಳು ದೂರದಿಂದ ಕೂಗಿದರು, "ನಿಂಗಕ್ಕನಿಂದಲೇ ಮನೆಗೆ ಹೋಗೋದು ತಪ್ಪಿತು!" ಎರಡನೆಯ ದಿನ ಚೌಡಿ ಬಂದು ಪಕ್ಕದಲ್ಲಿ ಕೂತಳು.

"ನನ್ನ ಮೇಲೆ ಸಿಟ್ಟಿಲ್ವಾ?" ಎಂದಳು ನಿಂಗಿ.

"ಇದೆ," ಎಂದು ಚೌಡಿ ಅವಳ ತಟ್ಟೆಯಿಂದ ಹಪ್ಪಳ ಎತ್ತಿಕೊಂಡಳು.

ನಿಂಗಿಗೆ ನಗು ಬಂತು. ಅವಳಿಗಿಂತ ಮೊದಲು ಯಾರೂ ನಕ್ಕಿರಲಿಲ್ಲ. ಅವಳೇ ಮೊದಲು ನಕ್ಕದ್ದು.

ದಬ್ಬೆ ಬಾಗಬೇಕಾದರೆ ಮೊದಲು ನೆನೆಯಬೇಕು. ಮೂರನೆಯ ಬೆಳಿಗ್ಗೆ ಅವಳು ನೆನೆಹಾಕಲು ಹೋದರೆ ಬಾನಿಯಲ್ಲಿ ಆಗಲೇ ಹೊಸ ದಬ್ಬೆಗಳು ನೆನೆಯುತ್ತಿದ್ದವು. ಪಕ್ಕದ ಕೆಸರಿನಲ್ಲಿ ಹೆಜ್ಜೆ ಗುರುತು, ಎಡಗಾಲಿನದು ಓರೆ. ಸಾಕಿಯ ಎಡಗಾಲು ಸ್ವಲ್ಪ ಓರೆ ಬೀಳುತ್ತದೆ.

ನಿಂಗಿ ಅಡುಗೆಮನೆಯ ಬಾಗಿಲಿಗೆ ಹೋದಳು. ಸಾಕಿ ಒಳಗೆ ಒಬ್ಬಳೇ ಇದ್ದಳು.

"ಸಾಕಿ, ಅವತ್ತು ಆ ಮೂರು ದಿನ ನಾನು ನಿನ್ನ ಜೊತೆ ಮಾತಾಡಲಿಲ್ಲ. ಅದು ತಪ್ಪು."

ಸಾಕಿ ಬಾಗಿಲಾಚೆ ನೋಡಿದಳು, ಯಾರಾದರೂ ಇದ್ದಾರೆಯೇ ಎಂದು. ಆಮೇಲೆ ಮೆಲ್ಲಗೆ ಅಂದಳು, "ನಾನು ಎಣಿಸ್ತಿದ್ದೆ ಕಣೇ. ಎಷ್ಟು ಹೊತ್ತಾಯ್ತು ಅಂತ."

ತಳ ಬಿಗಿಯಾಯಿತು. ಅಮ್ಮನೋರು ಮೂವರನ್ನೂ ಕರೆಸಿದರು. ರೂಢಿ ರೂಢಿಯೇ.

ನಿಂಗಿ ಅಂಗೈ ಇಟ್ಟಳು. "ನಾನು ಕೂರುತ್ತೇನೆ."

ಸಾಕಿಯೂ ಅಂದಳು.

ದೇವೀರಿ ನಿಂಗಿಯ ಕಡೆ ನೋಡದೆ ಬಂದು ಕೈ ಇಟ್ಟಳು. ಅವಳ ಹೊಳೆಯುವ ದಬ್ಬೆ ಒಂದರ ಮೇಲೆ ಬಂದು ಒಂದರ ಕೆಳಗೆ ಹೋಗಿತ್ತು. ಮತ್ತೆ ಮೇಲೆ ಬಂದಿತ್ತು. ಅವಳು ಬೆರಳಿನಿಂದ ಅದನ್ನು ಎಳೆದು ನೋಡಿದಳು. ಅದು ಅಲುಗಲಿಲ್ಲ.

"ನಾನು ಕೂರುತ್ತೇನೆ," ಎಂದಳು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

ಅಮ್ಮನೋರು ಅವಳ ಕೈಯನ್ನೂ ಹಿಡಿದು ನೋಡಿದರು. ತಣ್ಣಗಿದೆ ಎಂದು ಮಾತ್ರ ಹೇಳಲಿಲ್ಲ.

ತೊಗಲು ಹೊಲಿದು ಒಣಗಿದ ಮೇಲಿನ ಬೆಳಿಗ್ಗೆ ಹರಿಗೋಲು ಮತ್ತೆ ನೀರಿಗಿಳಿಯಿತು. ಮಕ್ಕಳು ಗಂಟುಮೂಟೆ ಹಿಡಿದು ಸಾಲಾಗಿ ನಿಂತರು. ಮೊದಲ ಸುತ್ತು ಹೆಣೆದವರದು.

ದೇವೀರಿ ಬರಲಿಲ್ಲ.

ಅವಳು ಹುಣಸೆ ಮರದ ಕೆಳಗೆ ನಿಂತಿದ್ದಳು, ಒಬ್ಬಳೇ, ಕೈ ಕಟ್ಟಿಕೊಂಡು. ಸಾಕಿ ಅವಳನ್ನು ಕರೆಯಲು ಹೋಗಿ, ತಿರುಗಿ ಬರುತ್ತ, ಅರ್ಧ ದಾರಿಯಲ್ಲಿ ನಿಂತುಬಿಟ್ಟಳು. ಆ ಕಡೆಯೂ ಹೋಗಲಾರಳು, ಈ ಕಡೆಯೂ ಬರಲಾರಳು.

ನಿಂಗಿ ಒಬ್ಬಳೇ ಹತ್ತಿದಳು. ಅಭ್ಯಾಸದಂತೆ ಅಂಚಿಗೆ ಸರಿದು ಕೂತಳು. ಹರಿಗೋಲು ಆ ಬದಿಗೆ ವಾಲಿತು. ನೀರು ಅಂಚಿನ ಬಳೆಯವರೆಗೆ ಬಂದು ಮಿನುಗಿತು. ಅವಳು ಎರಡೂ ಕೈಯಿಂದ ಬಳೆ ಹಿಡಿದುಕೊಂಡಳು.

ಅಮ್ಮನೋರು ಮೊಣಕಾಲುದ್ದ ನೀರಿನಲ್ಲಿ ನಿಂತು ಹರಿಗೋಲನ್ನು ಹಿಡಿದಿದ್ದರು.

"ಎದುರಿಗೆ ದೇವೀರಿ ಕೂರಬೇಕಿತ್ತು," ಎಂದಳು ನಿಂಗಿ. "ಎದುರಿಗೆ ಯಾರೂ ಇಲ್ಲದಿದ್ರೆ ವಾಲುತ್ತೆ ಅಮ್ಮನೋರೇ."

"ವಾಲುತ್ತೆ."

"ಅವಳು ಬರದೇ ಹೋದ್ರೆ?"

ಅಮ್ಮನೋರು ಮರದ ಕಡೆ ತಿರುಗಿದರು. ಅಷ್ಟು ದೂರದ್ದು ಅವರಿಗೆ ಕಾಣುತ್ತಿರಲಿಲ್ಲ. ಆಮೇಲೆ ಹುಟ್ಟನ್ನು ನಿಂಗಿಯ ಕೈಗೆ ಕೊಟ್ಟು, ಹಿಡಿತ ಸಡಿಲಿಸಿದರು.

"ನಡುವೆ ಕೂತ್ಕೋ ಮಗು. ಅವಳು ಬಂದಾಗ ಸರಿದ್ರಾಯ್ತು."